ಬೋರ್ಡಿನಲ್ಲಿ ಅಣ್ಣನ ಹೆಸರು

ಮಾವನ ಬಾಯಿಂದ ಮತ್ತೆ ಆ ಶುಂಠಿ ಪೆಪ್ಪರ್‌ಮೆಂಟಿನ ವಾಸನೆ, ಎಂಜಲಿನ ಜೊತೆ ಬೆರೆತದ್ದು, ಬಗ್ಗಿ ಪಿಸುಗುಟ್ಟಿದಾಗಲೆಲ್ಲ ಕೆನ್ನೆಗೆ ಬಂದು ಅಂಟುತ್ತದೆ, ಗೊತ್ತಿರಲಿಲ್ಲ ಅನ್ನು, ಅಷ್ಟೇ, ಹೆಚ್ಚು ಬಾಯಿ ಬಿಡಬೇಡ — ಛೀ, ಕರವಸ್ತ್ರ ಎಲ್ಲಿ ಹೋಯಿತು — ಅಮ್ಮನ ತಮ್ಮ, ಕರಿ ಕೋಟು ಹೊಲಿಸಿಕೊಟ್ಟವನು, ವಕೀಲಿ ಕಲಿಸಿದವನು, ಕಲಿಸಿದ್ದು ಇದನ್ನು. ಅವಳು ಕುರ್ಚಿಯನ್ನು ಆಚೆ ಸರಿಸಿದಳು, ಅವನೂ ಸರಿದ. ಎದುರು ವಕೀಲ ನಿಂತು ಬೆವರುತ್ತಿದ್ದಾನೆ, ಸ್ವಾಮಿ, ಹೆಸರಿನ ತಪ್ಪು ಅಷ್ಟೇ, ದಾವೆ ತಿದ್ದೋಕೆ ಅವಕಾಶ ಕೊಡಿ — ಪಾಪದ ಪ್ರಾಣಿ, ಲಾಂಡ್ರಿಯ ಎದುರು ನಿಂತು ಬೋರ್ಡು ಓದಿಕೊಂಡು ಹೋಗಿ ಅದನ್ನೇ ದಾವೆಯಲ್ಲಿ ಬರೆದುಬಿಟ್ಟ, ಲಾಂಡ್ರಿಯವರು ಅಣ್ಣ ತಮ್ಮ ಇಬ್ಬರು, ಬೋರ್ಡಿನಲ್ಲಿ ಅಣ್ಣನ ಹೆಸರು, ಅಣ್ಣ ವ್ಯಾಪಾರ ಬಿಟ್ಟು ಯಾವ ಕಾಲವಾಯಿತೋ, ಅಂಗಡಿ, ಯಂತ್ರ, ಆಳುಗಳು ಎಲ್ಲ ತಮ್ಮನದು, ಬಣ್ಣ ಇನ್ನೂ ಚೆನ್ನಾಗಿದೆಯಲ್ಲ ಎಂದು ಆ ಜಿಪುಣ ಬೋರ್ಡು ಬದಲಿಸಿರಲಿಲ್ಲ. ಕೆಲಸದ ಹೆಂಗಸಿನ ಕೈ ಸಿಕ್ಕಿ ನುಜ್ಜಾದದ್ದು ತಮ್ಮನ ಯಂತ್ರದಲ್ಲಿ, ದಾವೆ ಬಿದ್ದದ್ದು ಅಣ್ಣನ ಮೇಲೆ, ಅಣ್ಣನ ಪರ ವಕೀಲರು ಮಾವ ಮತ್ತು ಅವಳು. ಆ ತಪ್ಪು ಮೊದಲ ದಿನವೇ ಅವಳ ಕಣ್ಣಿಗೆ ಬಿದ್ದಿತ್ತು. ಹೇಳಿಬಿಡೋಣ ಮಾವ, ಸರಿಮಾಡ್ಕೊಳ್ಳಲಿ — ಹುಚ್ಚೀ, ಈಗ ಹೇಳಿದ್ರೆ ನಾಳೇನೇ ತಿದ್ದುಪಡಿ ಹಾಕ್ತಾರೆ, ದಾವೆ ಹೂಡೋ ಗಡುವು ದಾಟಲಿ, ಅಲ್ಲೀವರೆಗೆ ತುಟಿ ಹೊಲ್ಕೊಂಡಿರು. ಹೊಲಿದುಕೊಂಡಳು. ಜ್ವರ, ಮದುವೆ, ಕಡತ ಸಿಗಲಿಲ್ಲ, ಒಂದೊಂದು ವಾಯಿದೆಗೆ ಒಂದೊಂದು ಸುಳ್ಳು, ಗಡುವು ದಾಟಿದ ಮೇಲೆ ಸಾಧುವಿನ ಮುಖ ಮಾಡಿಕೊಂಡು, ಸ್ವಾಮಿ, ಆ ಅಂಗಡಿ ನಮ್ಮ ಕಕ್ಷಿದಾರರದೇ ಅಲ್ಲ. ಥೂ, ಇದಕ್ಕೆ ಗೆಲುವು ಅಂತ ಹೆಸರು, ಮಾವ ಆ ಸಂಜೆ ಆಫೀಸಿಗೆಲ್ಲ ಕಾಫಿ ತರಿಸಿದ್ದ.

ಲಾಂಡ್ರಿಯ ಆ ತಮ್ಮ, ಹಿಂದಿನ ಬೆಂಚಿನಲ್ಲೇ ಕುಳಿತಿದ್ದಾನೆ, ಮಹಾರಾಯ, ದಾವೆಯ ಸುದ್ದಿಯೇ ಗೊತ್ತಿಲ್ಲದವನು! ಕಾರಿನ ಕೀಯನ್ನು ಕಿವಿಗೆ ತೂರಿಸುತ್ತಾನೆ, ತಿರುವುತ್ತಾನೆ, ಹೊರಗೆ ತೆಗೆದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಬೆಂಚಿಗೆ ಒರೆಸುತ್ತಾನೆ. ಆಫೀಸಿನಲ್ಲೂ ಇದೇ ಕಸುಬು, ಪ್ರತಿ ವಾಯಿದೆಗೂ ಹಾಜರು, ಏನ್ ಮೇಡಂ, ಆ ಮುರುಕು ಕೈಯೋಳು ಇನ್ನೂ ಸುಸ್ತಾಗ್ಲಿಲ್ವಾ, ಎನ್ನುತ್ತ ಅವಳ ಮೇಜಿಗೇ ಒರೆಸಿದ್ದ, ಸೋಪು ಹಾಕಿ ಉಜ್ಜಿದಳು, ಬಿಸಿನೀರು ಹಾಕಿ ಉಜ್ಜಿದಳು, ಆದರೂ ಅಲ್ಲಿ ಮೊಣಕೈ ಊರಲು ಇವತ್ತಿಗೂ ಮನಸ್ಸು ಬಾರದು. ಬೆಳಿಗ್ಗೆ ವರಾಂಡದಲ್ಲಿ ಆ ಹೆಂಗಸು, ಸೆರಗಿನಲ್ಲಿ ಕೈ ಮುಚ್ಚಿಕೊಂಡು, ಅಕ್ಕಾ, ನೀವು ಆ ಕಡೇರು ಅಂತ ಗೊತ್ತು, ಆದ್ರೂ ಕೇಳ್ತೀನಿ, ಇವತ್ತು ಜಡ್ಜು ಬೇಡ ಅಂದ್ಬಿಟ್ರೆ ನಾನು ಮತ್ತೆ ಹೊಸದಾಗಿ ಕೇಸು ಹಾಕೋಕಾಗುತ್ತಾ — ಆಗುವುದಿಲ್ಲ, ಅಲ್ಲಿಗೆ ಮುಗಿಯಿತು — ನಿಮ್ಮ ವಕೀಲರನ್ನ ಕೇಳಿಮ್ಮ, ಎಂದಳು, ಎಂಥ ನಯ, ತನ್ನ ನಾಲಿಗೆಯೂ ಜಿಗುಟು ಜಿಗುಟಾಗಿದೆ, ಬೆರಳಿಂದ ಎಳೆದು ತೊಳೆಯಬೇಕು.

ನ್ಯಾಯಾಧೀಶರು ಕನ್ನಡಕ ಏರಿಸಿದರು. ಗಡುವು ಮುಗಿದಿರೋದು ನಿಜ, ಆದರೆ ನಿಜವಾದ ಮಾಲೀಕನಿಗೆ ಈ ದಾವೆ ಮೊದಲಿಂದಲೂ ಗೊತ್ತಿದ್ದರೆ ನಾನು ತಿದ್ದುಪಡಿಗೆ ಒಪ್ಪುತ್ತೀನಿ, ಹೇಳಿಮ್ಮ, ಗೊತ್ತಿತ್ತೇ — ಎದ್ದು ನಿಂತಳು, ಶುಂಠಿ ವಾಸನೆ ಸೊಂಟದ ಹತ್ತಿರ, ಮಾವನ ಬೆರಳು ಕೋಟಿನ ಅಂಚು ಜಗ್ಗುತ್ತಿದೆ, ಒಂದೇ ಮಾತು, ಗೊತ್ತಿರಲಿಲ್ಲ, ಅಂದರೆ ಸಾಕು, ಅನ್ನದಿದ್ದರೆ ನಾಳೆ ಆಫೀಸಿನ ಬಾಗಿಲು ಮುಚ್ಚಿರುತ್ತದೆ, ಅಮ್ಮ ಅಳುತ್ತಾಳೆ, ನಿನ್ನ ಮಾವನಿಗೇ ಹೀಗೆ ಮಾಡಿದೆಯಲ್ಲೇ — ಗೊತ್ತಿ, ಎಂದಳು, ಗೊತ್ತಿರ, ಕಣ್ಣು ಮಾತ್ರ ಅವಳ ಮಾತು ಕೇಳದೆ ಹಿಂದಿನ ಬೆಂಚಿಗೆ ಹೋಯಿತು, ಅದರ ಹಿಂದೆ ನ್ಯಾಯಾಧೀಶರ ಕಣ್ಣು, ಎದುರು ವಕೀಲನದು, ಆ ಹೆಂಗಸಿನದು, ಮಾವ ಕೋಟು ಬಿಟ್ಟ, ಯಾರವರು, ನ್ಯಾಯಾಧೀಶರು ಕೇಳಿದರು, ಹಿಂದೆ ಕೂತಿರೋರು, ನಿಮ್ಮನ್ನೇ ಕೇಳ್ತಿರೋದು, ಯಾರು ನೀವು — ಅವನಿಗೆ ಕೇಳಿಸಲಿಲ್ಲ, ಕಿವಿಯಲ್ಲಿ ಕೀ, ತಿರುವಿದ, ತೆಗೆದ, ನೋಡಿದ, ಒರೆಸಿದ, ಮತ್ತೆ ಕಿವಿಗೆ, ಕೀ