ಗಡ್ಡ ಹೆರೆಯುವ ಚಾಕು

ನಮ್ಮಪ್ಪ ಗಡ್ಡಕ್ಕೆ ಬ್ಲೇಡು ಮುಟ್ಟಿಸಿದವರಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದ್ದು ಸೂಟ್‌ಕೇಸ್, ಬ್ಯಾಗು ರಿಪೇರಿ ಮಾಡುವ ಅಂಗಡಿ. ಹಿಡಿ ಕಿತ್ತುಬಂದದ್ದು, ಜಿಪ್ ಕೆಟ್ಟದ್ದು, ಗಾಲಿ ಮುರಿದದ್ದು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಚರ್ಮ ಕೊಯ್ಯಲು ಅವರ ಬಳಿ ಒಂದು ಮಡಚುವ ಚಾಕು ಇತ್ತು. ಅದರ ಮರದ ಹಿಡಿ ಅಪ್ಪನ ಕೈಬೆವರು ಕುಡಿದು ಕಪ್ಪಾಗಿತ್ತು. ಬೆಳಿಗ್ಗೆ ಎದ್ದು ಅದನ್ನು ಸಾಣೆಕಲ್ಲಿಗೆ ಹಿಡಿದು, ಹಳೆಯ ಬೆಲ್ಟಿನ ತುಂಡಿನ ಮೇಲೆ ಹಿಂದೆ ಮುಂದೆ ಎಳೆದು, ಅದರಿಂದಲೇ ಗಡ್ಡ ಹೆರೆದುಕೊಳ್ಳುತ್ತಿದ್ದರು. ಕೂದಲನ್ನು ಜಗ್ಗದೆ ಸರಾಗವಾಗಿ ಇಳಿದರೆ ಚಾಕು ಕೆಲಸಕ್ಕೆ ಸಿದ್ಧವೆಂದು ಅರ್ಥ. ಒಂಚೂರು ಜಗ್ಗಿದರೂ ಮತ್ತೆ ಕಲ್ಲಿಗೆ.

"ಗಿರಾಕಿ ಚರ್ಮದ ಮೇಲೆ ಹಾಕೋ ಮುಂಚೆ ನನ್ನ ಚರ್ಮದ ಮೇಲೆ ಹಾಕಿ ನೋಡ್ಬೇಕಲ್ಲ" ಅನ್ನುತ್ತಿದ್ದರು.

ಅಮ್ಮ ಬದುಕಿದ್ದಾಗ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. "ಇವರು ಗಡ್ಡ ಮಾಡ್ಕೊಳ್ಳೋದಲ್ಲ, ಚಾಕು ಪರೀಕ್ಷೆ ಮಾಡೋದು. ಮುಖ ಬರೀ ಮರದ ಹಲಗೆ." ಅಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟ ಶೇವಿಂಗ್ ಸೆಟ್ ತಂದುಕೊಟ್ಟ. ಅಪ್ಪ ತುಂಬಾ ಚೆನ್ನಾಗಿದೆ ಅಂತ ಮೆಚ್ಚಿ, ಸೆಟ್ಟನ್ನು ಎದುರಂಗಡಿಯ ಟೈಲರ್‌ಗೆ ಕೊಟ್ಟು, ಪೆಟ್ಟಿಗೆಯಲ್ಲಿ ಬಕಲ್‌ಗಳನ್ನು ತುಂಬಿಟ್ಟುಕೊಂಡರು.

ಅಮ್ಮ ಹೋದಮೇಲೆ ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆಯಾಯಿತು. ಒಂದು ಮಂಚ, ಒಂದು ಒಲೆ, ಗೋಡೆಗೊಂದು ಕನ್ನಡಿ. ಅಲ್ಲಿಯೇ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಬಾಗಿಲು ತೆಗೆಯದ್ದನ್ನು ಕಂಡು ಟೈಲರೇ ಒಳಗೆ ಹೋಗಿ ಎತ್ತಿದ್ದು. ಆಸ್ಪತ್ರೆಯಿಂದ ಅಪ್ಪನನ್ನು ನಾನು ನನ್ನ ಮನೆಗೆ ಕರೆತಂದೆ. ಮಾತು ತೊದಲಲಿಲ್ಲ, ಬಲಗೈ ಮೊದಲಿನ ಹಾಗೇ ಇತ್ತು, ಕೋಲು ಹಿಡಿದು ನಡೆಯುತ್ತಿದ್ದರು. ಎಡಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು.

ಡಾಕ್ಟರಮ್ಮ ಬಿಡುಗಡೆಯ ದಿನ ಹೇಳಿದ್ದರು: "ಎಡಗಡೆ ಇರೋದು ಇವರ ಗಮನಕ್ಕೆ ಬಾರದೇ ಹೋಗ್ಬಹುದು. ನೋಡ್ಕೊಳ್ತಾ ಇರಿ." ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಇಂಥ ಮಾತನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅದನ್ನು ಕಣ್ಣಿನ ತೊಂದರೆ ಅಂದುಕೊಂಡೆ. ನೀರಿನ ಲೋಟ, ಟವೆಲು, ಮಾತ್ರೆ, ರೇಡಿಯೋ ಎಲ್ಲವನ್ನೂ ಮಂಚದ ಬಲಕ್ಕೆ ಜೋಡಿಸಿದೆ. ನಾನು ಕೂರುವ ಕುರ್ಚಿಯನ್ನೂ ಬಲಕ್ಕೇ ಎಳೆದುಕೊಂಡೆ. ಅಪ್ಪ ತಟ್ಟೆಯಲ್ಲಿ ಎಡಗಡೆಯ ಅರ್ಧ ಅನ್ನ ಬಿಟ್ಟು ಕೈ ತೊಳೆಯಲು ಹೊರಟರೆ ತಟ್ಟೆಯನ್ನು ತಿರುಗಿಸಿ ಇಡುತ್ತಿದ್ದೆ, ಉಳಿದದ್ದನ್ನೂ ತಿನ್ನುತ್ತಿದ್ದರು. "ಇನ್ನೊಂದ್ ಸಲ ಬಡಿಸಿದ್ಯಾ? ಹೊಟ್ಟೆ ಒಡೆಸ್ತೀಯಾ ನನ್ನ" ಅಂತ ಬೈಯುತ್ತಲೇ ತಿನ್ನುತ್ತಿದ್ದರು. ಹಸಿವು ಹೆಚ್ಚಾಗಿದೆ, ಒಳ್ಳೆಯದೇ ಆಯಿತು ಅಂದುಕೊಂಡೆ.

ಗಡ್ಡವನ್ನು ನನ್ನ ಗಂಡ ರೇಜರಿನಲ್ಲಿ ತೆಗೆಯುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ, ಹಲ್ಲು ಕಿತ್ತಿಸಿಕೊಳ್ಳುವವರ ಹಾಗೆ ಕೂರುತ್ತಿದ್ದರು. "ಅಳಿಯಂದ್ರು ಒಳ್ಳೇವ್ರು. ಆದ್ರೆ ಹುಲ್ಲು ಕೊಯ್ದಂಗೆ ಕೊಯ್ತಾರೆ" ಅಂತ ಆಮೇಲೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಒಂದು ದಿನ ಅಣ್ಣ ಫೋನಿನಲ್ಲಿ ಅಂಗಡಿಯ ವಿಷಯ ಎತ್ತಿದ. ಮಳಿಗೆಯ ಮಾಲೀಕರು ಬೇರೆಯವರಿಗೆ ಕೊಡೋಣವೇ ಅಂತ ಕೇಳುತ್ತಿದ್ದಾರಂತೆ. ಸ್ಪೀಕರ್ ಹಾಕಿದ್ದರಿಂದ ಅಪ್ಪನಿಗೂ ಕೇಳಿಸಿತು.

"ಯಾಕೆ, ನಾನೇನ್ ಸತ್ತೋದ್ನಾ?" ಅಂದರು.

"ಹಂಗಲ್ಲಪ್ಪ. ನೀನೊಬ್ನೇ ಅಲ್ಲಿ ಹೆಂಗಿರ್ತೀಯಾ? ದಬ್ಬಣ, ಚಾಕು, ಬೆಂಕಿ..."

"ಬಲಗೈ ನೆಟ್ಟಗಿದೆ. ತಲೆ ನೆಟ್ಟಗಿದೆ. ಎಡಗೈ ಮೊದ್ಲೂ ಸೋಮಾರಿನೇ." ಫೋನಿನ ಹತ್ತಿರಕ್ಕೆ ಬಾಗಿದರು. "ಕೇಳಿಲ್ಲಿ. ನಾನೇ ಚಾಕು ಮಸೆದು, ನಾನೇ ಗಡ್ಡ ಹೆರ್ಕೊಂಡು ತೋರಿಸ್ತೀನಿ. ಆಯ್ತು ಅಂದ್ರೆ ನನ್ನ ಅಂಗಡಿಗೆ ನನ್ನ ಬಿಟ್ಬಿಡ್ಬೇಕು. ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಮೂಲೇಲಿ ಬಿದ್ದಿರ್ತೀನಿ."

ಅಣ್ಣ ಒಪ್ಪಿಕೊಂಡ. "ಆಯ್ತು. ಟೈಲರ್ ಮಾಮ ಬಂದು ನೋಡ್ಲಿ. ಅವರು ಹೂಂ ಅಂದ್ರೆ ನಾನೂ ಹೂಂ."

ಆ ವಾರವೆಲ್ಲ ನನಗೆ, ಕೊಯ್ದುಕೊಂಡರೆ ಎನ್ನುವುದು ಒಂದು ಭಯ. ಗೆದ್ದುಬಿಟ್ಟರೆ, ಆ ಕೋಣೆಯಲ್ಲಿ ಮತ್ತೊಮ್ಮೆ ಬಿದ್ದರೆ ಎನ್ನುವುದು ಇನ್ನೊಂದು. ಆದರೂ ಅಪ್ಪ ಗೆಲ್ಲಲಿ ಅಂತಲೇ ಮನಸ್ಸು ಹೇಳುತ್ತಿತ್ತು. ಹೆರೆಯುವುದಕ್ಕೆ ಏನಾದರೂ ಇರಬೇಕಲ್ಲ ಅಂತ ಅಪ್ಪ ಅಳಿಯನಿಗೆ ರೇಜರ್ ಮುಟ್ಟಲು ಬಿಡದೆ ಗಡ್ಡ ಬೆಳೆಸಿಕೊಂಡರು.

ಭಾನುವಾರ ಟೈಲರ್ ಮಾಮ ಚಾಕು, ಕಲ್ಲು, ಬೆಲ್ಟಿನ ತುಂಡು ಎಲ್ಲವನ್ನೂ ಕೈಚೀಲದಲ್ಲಿ ತಂದರು. ಅವರು ಅಪ್ಪನನ್ನು ಸಾಹುಕಾರ್ರೇ ಅನ್ನುವುದು, ಅಪ್ಪ ಅವರನ್ನು ದೊರೆ ಅನ್ನುವುದು ಎಷ್ಟೋ ವರ್ಷದ ರೂಢಿ.

"ಏನ್ ಸಾಹುಕಾರ್ರೇ, ಮದುಮಗನ ಥರ ಕೂತಿದ್ದೀರಿ. ಹೆಣ್ಣಿನ ಕಡೆಯವ್ರು ಬರೋದು ಎಷ್ಟೊತ್ತಿಗೆ?"

"ಹೆಣ್ಣೇ ಬಂದಾಯ್ತಲ್ಲ, ನೀನೇ. ವಯಸ್ಸಾಯ್ತು ಅಂತ ಹೇಳ್ಲೇ ಇಲ್ಲ ಅವ್ರು."

ಅಪ್ಪ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿಸಿ ಅದರ ಮೇಲೆ ಕಲ್ಲಿಟ್ಟರು, ಜಾರಬಾರದು ಅಂತ. ಬೆಲ್ಟಿನ ಒಂದು ತುದಿಯನ್ನು ಕಿಟಕಿಯ ಕಂಬಿಗೆ ಕಟ್ಟಿಸಿ, ಇನ್ನೊಂದನ್ನು ತೊಡೆಯ ಕೆಳಗೆ ಒತ್ತಿಟ್ಟು ಬಿಗಿ ಮಾಡಿಕೊಂಡರು. ಒಂದೇ ಕೈಯಲ್ಲಿ ಹೇಗೆ ಅಂತ ನಾನು ಹೆದರುತ್ತಿದ್ದುದಕ್ಕೆಲ್ಲ ಅವರು ರಾತ್ರಿ ಮಲಗಿಯೇ ಉಪಾಯ ಹುಡುಕಿಟ್ಟಿದ್ದರು. ಅಲಗು ಚರ್ಮದ ಮೇಲೆ ಹೋಗಿ ಬರುವ ಸಪ್ಪಳ ಕೇಳಿ ಟೈಲರ್ ಮಾಮ ತಲೆದೂಗಿದರು.

ಆಮೇಲೆ ಸೋಪು. ಬ್ರಷ್ಷಿನಿಂದ ಬಲಗೆನ್ನೆಗೆ, ಗದ್ದದ ಬಲಬದಿಗೆ ನೊರೆ ಹಚ್ಚಿ ಬ್ರಷ್ಷನ್ನು ಕೆಳಗಿಟ್ಟರು. ಎಡಕ್ಕೆ ಹಚ್ಚಲಿಲ್ಲ. ಒಂದೊಂದೇ ಕಡೆ ಮಾಡುತ್ತಾರೇನೋ, ನೊರೆ ಒಣಗಬಾರದಲ್ಲ, ಅಂದುಕೊಂಡೆ. ನಡುವೆ ಬಾಯಿ ಹಾಕಿದರೆ ಕೈ ನಡುಗೀತು ಅಂತ ಸುಮ್ಮನಿದ್ದೆ.

ಅಪ್ಪ ನಾಲಿಗೆಯಿಂದ ಕೆನ್ನೆಯನ್ನು ಒಳಗಿನಿಂದ ಉಬ್ಬಿಸಿ, ಚಾಕುವನ್ನು ಓರೆಯಾಗಿ ಮಲಗಿಸಿ, ಕಿವಿಯ ಪಕ್ಕದಿಂದ ಇಳಿಸಿದರು. ಸಣ್ಣಗೆ ಕರಕರ ಸದ್ದು. ನೊರೆಯ ಜೊತೆ ಬಿಳಿ ಕೂದಲು ಅಲಗಿನ ಮೇಲೆ ಬಂತು. ಟವೆಲಿಗೆ ಒರೆಸಿದರು. ಮತ್ತೆ ಇಳಿಸಿದರು. ದವಡೆಯ ತಿರುವಿನಲ್ಲಿ, ಎಲ್ಲರೂ ಕೊಯ್ದುಕೊಳ್ಳುವ ಆ ಜಾಗದಲ್ಲಿ, ಅವರ ಮಣಿಕಟ್ಟು ತಾನಾಗಿ ತಿರುಗಿತು. ಮೀಸೆಯ ಜಾಗದಲ್ಲಿ ಮೂಗಿನ ತುದಿಯನ್ನು ಎತ್ತಲು ಬೆರಳಿಲ್ಲದೆ ಮೇಲ್ದುಟಿಯನ್ನು ಹಲ್ಲಿನ ಮೇಲೆ ಎಳೆದು ಹಿಡಿದರು. ಎಲ್ಲೂ ಒಂದು ಗೀರಿಲ್ಲ. ನಾನು ಟೈಲರ್ ಮಾಮನ ಕಡೆ ನೋಡಿ ನಕ್ಕೆ.

ಗದ್ದದ ನಡುವಿಗೆ ಬಂದು ಚಾಕು ನಿಂತಿತು. ಅಪ್ಪ ಅಲಗನ್ನು ಒರೆಸಿ, ತೊಡೆಗೆ ಒತ್ತಿ ಮಡಚಿ, ಟವೆಲಿನಿಂದ ಮುಖ ಒರೆಸಿಕೊಂಡರು. ಬಲಗಡೆ ಮಾತ್ರ. ಕನ್ನಡಿಯಲ್ಲಿ ನೋಡಿಕೊಂಡು ನಕ್ಕರು.

"ಹೇಳು ದೊರೆ ಈಗ. ಆಯ್ತೋ ಇಲ್ವೋ?"

ಬಲಗೆನ್ನೆ ತೊಳೆದ ಹಾಗಿತ್ತು. ಎಡಗೆನ್ನೆಯ ತುಂಬ ವಾರದ ಬಿಳಿ ಗಡ್ಡ ಹಾಗೇ ನಿಂತಿತ್ತು, ಯಾರೋ ಎರಡು ಮುಖಗಳನ್ನು ಮಧ್ಯಕ್ಕೆ ಸೇರಿಸಿ ಹೊಲಿದಂತೆ. ಟೈಲರ್ ಮಾಮ ಏನಾದರೂ ತಮಾಷೆ ಮಾಡುತ್ತಾರೆ ಅಂತ ಕಾದೆ. ಅವರು ನೆಲ ನೋಡುತ್ತಿದ್ದರು.

ಎಡಗಡೆ ಇರೋದು ಗಮನಕ್ಕೆ ಬಾರದೇ ಹೋಗಬಹುದು ಅಂದರೆ ಕಣ್ಣಿಗೆ ಕಾಣದೆ ಇರುವುದಲ್ಲ, ಎಡಗಡೆ ಅನ್ನುವುದೇ ಅವರ ಪಾಲಿಗೆ ಇಲ್ಲ ಅಂತ ನನಗೆ ಆಗ ಅರ್ಥವಾಯಿತು.

"ಅಪ್ಪ, ಈ ಕಡೆ ಉಳೀತು" ಅಂದೆ.

"ಯಾವ ಕಡೆ? ಎಲ್ಲಾ ಆಯ್ತಲ್ಲ."

"ಎಡಗಡೆ."

"ಸೋಲ್ಸೋಕೆ ನೋಡ್ಬೇಡ ನನ್ನ" ಅಂದರು. ನಗು ಇನ್ನೂ ಇತ್ತು.

ನಾನು ಅವರ ಬಲಗೈ ಹಿಡಿದು, ನಿಧಾನವಾಗಿ ಎತ್ತಿ, ಎಡಗೆನ್ನೆಯ ಮೇಲೆ ಇಟ್ಟೆ. ಚರ್ಮವನ್ನು ಮುಟ್ಟಿಯೇ ಅದರ ವಯಸ್ಸು ಹೇಳುತ್ತಿದ್ದ ಬೆರಳುಗಳು ಆ ಗಡ್ಡದ ಮೇಲೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋದವು.

"ಇದ್ಯಾರ್ದು?" ಅಂತ ಕೇಳಿದರು.

ಅವರ ಬೆರಳು ಗದ್ದದ ನಡುವಿಗೆ ಬಂದು, ನುಣ್ಣಗಿನ ಕಡೆಗೆ ದಾಟಿ, ಮತ್ತೆ ಹಿಂದಕ್ಕೆ ಹೋಗಿ, ಕೂಡುವ ಜಾಗದಲ್ಲಿ ನಿಂತಿತು. ನಗು ಹೋಯಿತು. ಕೆಲಸದಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗಾಯಿತು.

"ದೊರೆ" ಅಂದರು. "ಹೊತ್ತು ಹೋಗ್ಲಿ ಅಂತ ಹೋದ ತಿಂಗಳು ಒಂದು ಬ್ಯಾಗು ತಂದ್ಕೊಟ್ಟಿದ್ಯಲ್ಲ, ನರ್ಸಮ್ಮಂದು. ಮಂಡಿ ಮಧ್ಯೆ ಒತ್ತಿಟ್ಕೊಂಡು ಒಂದೇ ಕೈಲಿ ಎರಡೂ ಹಿಡಿ ಹೊಲಿದು ಕಳಿಸಿದ್ನಲ್ಲ."

"ಹೂಂ."

"ಎರಡೂ ಹೊಲಿದಿದ್ನಾ?"

ಟೈಲರ್ ಮಾಮ ನನ್ನ ಕಡೆ ನೋಡಿದರು. ನನಗೂ ಗೊತ್ತಿರಲಿಲ್ಲ.

"ಅವಳ ಮುಖ ಏನ್ ನೋಡ್ತೀಯಾ. ನನಗೆ ಹೇಳು."

"ಒಂದು ಚೆನ್ನಾಗಿ ಕೂತಿತ್ತು ಸಾಹುಕಾರ್ರೇ. ಯಾವಾಗ್ಲೂ ಹಾಕೋ ಹೊಲಿಗೆನೇ. ಇನ್ನೊಂದು ಬರೀ ನೇತಾಡ್ತಿತ್ತು."

"ಆಮೇಲೆ?"

"ನಾನೇ ಎರಡು ಹೊಲಿಗೆ ಹಾಕ್ದೆ. ಮಶಿನ್‌ನಲ್ಲಿ."

"ಚರ್ಮಕ್ಕೆ ಮಶಿನ್ ಹೊಲಿಗೆ" ಅಂದರು ಅಪ್ಪ. "ಆರು ತಿಂಗಳೂ ಬರಲ್ಲ ಅದು."

"ಗೊತ್ತು."

"ಆ ಯಮ್ಮ ಬೀದೀಲಿ ಬ್ಯಾಗ್ ಬೀಳಿಸ್ಕೊಂಡು, ನನ್ನ ಹೆಸರು ಹೇಳಿ ಬೈತಾಳೆ."

"ಬೈದ್ರೆ ನನ್ನ ಬೈಲಿ ಬಿಡಿ. ನಿಮ್ಮ ಹತ್ರ ಹೇಳೋಕೆ ಬಾಯಿ ಬರ್ಲಿಲ್ಲ ನಂಗೆ."

ಹೊರಗೆ ಹಳೆ ಪೇಪರಿನವನು ಕೂಗಿಕೊಂಡು ಹೋದ. ಅಪ್ಪ ಮೇಜಿನ ಮೇಲಿನ ಚಾಕುವನ್ನು ನೋಡುತ್ತಾ ಕೂತಿದ್ದರು. ಬೇಡ ಅಪ್ಪ, ಇನ್ನೊಂದು ಸಲ ನೋಡೋಣ, ಡಾಕ್ಟರನ್ನು ಕೇಳೋಣ, ಅಂತ ಏನೇನೋ ನನ್ನ ನಾಲಿಗೆಯ ತುದಿಗೆ ಬಂತು. ಎಲ್ಲವೂ ಸುಳ್ಳು ಅನ್ನಿಸಿ ನುಂಗಿಕೊಂಡೆ.

"ಮಾಲೀಕರಿಗೆ ಹೇಳ್ಬಿಡು ದೊರೆ" ಅಂದರು ಕೊನೆಗೆ. "ಬೇರೆಯವ್ರಿಗೆ ಕೊಡ್ಲಿ. ರಿಪೇರಿಗೆ ಬಂದಿರೋ ಮಾಲು ಒಂದೂ ಬಿಡದೆ ವಾಪಸ್ ಕಳ್ಸು. ಹೊಲಿಗೆ ಮಾತ್ರ ಹಾಕ್ಬೇಡಪ್ಪ ನೀನು."

"ಹಾಕಲ್ಲ" ಅಂದರು ಟೈಲರ್ ಮಾಮ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಅಪ್ಪ ಚಾಕುವನ್ನು ನನ್ನ ಕಡೆ ತಳ್ಳಿದರು. "ಅರ್ಧ ಕೆಲಸ ಬಿಟ್ಟು ಏಳ್ಬಾರ್ದು. ಉಳಿದಿದ್ದು ನೀನು ಮಾಡು."

"ನಂಗೆ ಬರಲ್ಲ ಅಪ್ಪ. ನಮ್ಮನೆಯವ್ರನ್ನ ಕರೀತೀನಿ, ರೇಜರ್ ತರ್ತಾರೆ."

"ಬೇಡ. ಅಲಗು ಮಲಗಿಸಿ ಹಿಡಿ, ಏಳೋಕೆ ಬಿಡ್ಬೇಡ. ಇನ್ನೊಂದು ಕೈಯಲ್ಲಿ ಚರ್ಮ ಎಳ್ಕೋ. ಒತ್ತಬೇಡ. ಹರಿತ ಇರೋ ಚಾಕು ತಾನಾಗೇ ಹೋಗುತ್ತೆ."

ನಾನು ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡು ಕೂತೆ. ಅಪ್ಪ ನನ್ನ ಕಡೆ ತಿರುಗಲಿಲ್ಲ. ನಾನು ಎದ್ದುಹೋದೆ ಅಂದುಕೊಂಡರೋ ಏನೋ, ಬಲಗಡೆಯ ಖಾಲಿ ಜಾಗವನ್ನು ಒಮ್ಮೆ ನೋಡಿದರು. "ಇಲ್ಲೇ ಇದ್ದೀನಿ" ಅಂದೆ. ಸೋಪು ಹಚ್ಚಿದೆ. ಬೆರಳಿನಿಂದ ಕೆನ್ನೆ ಎಳೆದು ಹಿಡಿದು, ಅವರು ಹೇಳಿದ ಹಾಗೆ ಅಲಗು ಮಲಗಿಸಿ ಇಳಿಸಿದೆ. ದವಡೆಯ ತಿರುವಿನಲ್ಲಿ ಅಲಗು ಎದ್ದುಬಿಟ್ಟಿತು. ನೊರೆಯೊಳಗೆ ಸಣ್ಣಗೆ ಕೆಂಪು ಹರಡಿತು. ನಾನು ಅವರ ಮುಖ ನೋಡಿದೆ.

ನೋವಿನ ಸುಳಿವೂ ಇಲ್ಲದೆ, ಅಪ್ಪ ತಾಳ್ಮೆಯಿಂದ ಕಾಯುತ್ತಿದ್ದರು.

"ಹೆದರ್ಬೇಡ ಮಗಳೇ" ಅಂದರು. "ಶುರು ಮಾಡು."