ತೊಂಬತ್ತೆರಡು ಸೆಂಟಿಮೀಟರ್

ಪ್ರಿಯದರ್ಶಿನಿಯ ಯಂತ್ರ ಆ ಬೆಳಿಗ್ಗೆಯೂ ತೊಂಬತ್ತೆರಡು ಸೆಂಟಿಮೀಟರ್ ಎಂದೇ ತೋರಿಸಿತು. ಎರಡು ವಾರದಿಂದ ಅದೇ ರಾಗ! ಆಯನೂರಿನ ಕಲ್ಲಮ್ಮನವರ ಗದ್ದೆಯ ಬದುವಿನ ಮೇಲೆ ನಿಂತು ಅವಳು ಅದಕ್ಕೆ ಬಾಯಿಗೆ ಬಂದಂತೆ ಬೈದಳು.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುವ ಹುಡುಗಿ. ಮೋಟಾರಿನ ಮೇಲೆ ಲೇಸರ್ ಕೂರಿಸಿ, ಗದ್ದೆಯ ಮೇಲೆಲ್ಲ ಬೆಳಕು ಹಾಯಿಸಿ ಪೈರಿನ ಎತ್ತರ ಅಳೆಯುವ ಪ್ರಾಜೆಕ್ಟ್ ಅವಳದು. ಕೈಚಳಕವೇನೋ ಭೇಷ್. ಆದರೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ಭತ್ತದ ಮುಖ ನೋಡಿದ್ದೇ ಈ ಮಳೆಗಾಲದಲ್ಲಿ. ಪೈರೆಂದರೆ ಕೊಯ್ಯುವ ತನಕ ಬೆಳೆಯುತ್ತಲೇ ಇರಬೇಕು ಎಂದುಕೊಂಡಿದ್ದಳು. ಹೋದ ವಾರ ಯಂತ್ರ ಕೈಕೊಟ್ಟಿತೆಂದು ಹೆದರಿ, ರಿಪೋರ್ಟಿನಲ್ಲಿ ತಾನೇ ತೊಂಬತ್ತೈದು ಎಂದು ಬರೆದು ಕೊಟ್ಟುಬಿಟ್ಟಿದ್ದಳು. ನಾಳೆ ಪರೀಕ್ಷೆ. ನವುಲೆಯ ಕೃಷಿ ಕಾಲೇಜಿನಿಂದ ಪ್ರೊಫೆಸರ್ ಒಬ್ಬರು ಬರುವವರಿದ್ದರು.

ಬ್ಯಾಟರಿ ಬದಲಿಸಿದಳು. ತೊಂಬತ್ತೆರಡು. ಗಾಜು ಒರೆಸಿದಳು. ಮತ್ತೆ ತೊಂಬತ್ತೆರಡು. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಬದುವಿನುದ್ದಕ್ಕೂ ಓಡಾಡಿದಳು.

ಅಂದು ಭೂಮಿ ಹುಣ್ಣಿಮೆ. ಬಸುರಿ ಪೈರಿಗೆ ಬಯಕೆಯ ಊಟ ಬಡಿಸಲು ಕಲ್ಲಮ್ಮ ಬುಟ್ಟಿ ಹೊತ್ತು ಬಂದರು.

"ಏನೇ ಮಾರಾಯ್ತಿ, ಹಬ್ಬದ ದಿನ ಹಿಂಗೆ ಮುಖ ಊದಿಸ್ಕೊಂಡು?"

"ಹದಿನೈದು ದಿನದಿಂದ ಪೈರು ಬೆಳೆದೇ ಇಲ್ಲ ಅಂತಿದೆ ಕಣಮ್ಮ. ಹಾಳಾದ್ದು ಕೆಟ್ಟುಹೋಗಿದೆ!"

ಕಲ್ಲಮ್ಮ ಬುಟ್ಟಿ ಇಳಿಸಿ ನಕ್ಕರೋ ನಕ್ಕರು. "ತೆನೆ ಬಿಟ್ಟು ಹದಿನೈದು ದಿನ ಆಯ್ತಲ್ಲೇ! ಬಸುರಿ ಉದ್ದ ಬೆಳೀತಾಳಾ? ಇನ್ನು ಉಂಡಿದ್ದೆಲ್ಲ ಕಾಳಿಗೆ. ನಿನ್ನ ಮಿಷಿನ್ನು ಸರಿಯಾಗೇ ಹೇಳ್ತಿದೆ."

ಪ್ರಿಯದರ್ಶಿನಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆಯೇ ತಾನು ರಿಪೋರ್ಟಿನಲ್ಲಿ ಬರೆದದ್ದು ನೆನಪಾಯಿತು. ಮೊಬೈಲ್ ತೆಗೆದು ಗೈಡ್ ರೇಣುಕಾಪ್ರಸಾದ್ ಸರ್‌ಗೆ ಫೋನ್ ಮಾಡಿದಳು. ಅಂಕಿ ತಿದ್ದಿದವರನ್ನು ಫೇಲ್ ಮಾಡದೆ ಬಿಟ್ಟ ಆಸಾಮಿಯಲ್ಲ ಅವರು.

"ನಾನೇ ಮಾಡೋಣ ಅಂತಿದ್ದೆ ಕಣಮ್ಮ," ಎಂದರು ಅವರು. "ನವುಲೆಯವರು ರಿಪೋರ್ಟ್ ಓದಿದಾರೆ. ತೆನೆ ಬಿಟ್ಟ ಮೇಲೂ ಮೂರು ಸೆಂಟಿಮೀಟರ್ ಹೆಂಗೆ ಬೆಳೀತು, ಮಿಷಿನ್ ಸುಳ್ಳು ಹೇಳ್ತಿದೆ ಅಂತಾರೆ. ಹೋಗ್ಲಿ ಬಿಡು, ಹೊಸ ಮಿಷಿನ್ನು, ಒಂದ್ಸಲ ತಪ್ಪುತ್ತೆ. ನಾಲ್ಕು ಮಾರ್ಕ್ಸ್ ಹೋಗುತ್ತೆ ಅಷ್ಟೆ."

ಹೂಂ ಅಂದರೆ ಸಾಕಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು.

"ಮಿಷಿನ್ ಸುಳ್ಳು ಹೇಳಿಲ್ಲ ಸರ್," ಎಂದಳು. "ಆ ತೊಂಬತ್ತೈದು ಬರೆದವಳು ನಾನು."