ಪಟ್ಟಿಯಲ್ಲಿಲ್ಲದ ಕೊಂಬು

ಇಪ್ಪತ್ತಾರು ವರ್ಷಗಳಿಂದ ಗಡಿಯೂರು ತಾಕ್ನಾದಲ್ಲಿ ಕೂತು ನನಗೆ ಒಂದೇ ಕೆಲಸ. ಮಾರಾಟಕ್ಕಲ್ಲದೆ, ಬರೀ ತೋರಿಸಿಕೊಂಡು ಬರಲು ಗಡಿ ದಾಟುವ ಸಾಮಾನಿಗೆ ಕಾಗದ ಮಾಡಿಕೊಡುವುದು. ಹೋದದ್ದು ಹೋದ ಹಾಗೆಯೇ ವಾಪಸ್ ಬರಬೇಕು, ಅಷ್ಟೆ. ಇದು ಯಾರ ತಲೆಗೂ ಹೋಗುವುದಿಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ.

ಡಾನ್ ಎವಾರಿಸ್ತೊ ದೂರದ ಬೆಟ್ಟದ ಮೇಲಿನ ಪುನೊ ಊರಿನ ತಗಡಿನ ಮೇಸ್ತ್ರಿ. ದೆವ್ವದ ಕುಣಿತದ ಮುಖವಾಡ ಮಾಡುವವನು. ಗಡಿಯಾಚೆಯ ಅರಿಕಾದ ವಸ್ತುಪ್ರದರ್ಶನಕ್ಕೆ ಏಳು ಮುಖವಾಡ ಒಯ್ದಿದ್ದ. ಒಂದೊಂದರ ಫೋಟೋ ತೆಗೆದು ಪಟ್ಟಿಗೆ ಅಂಟಿಸಿದವನು ನಾನೇ. ವಾಪಸ್ ಬರುವಾಗ ಅವನನ್ನು ಗಡಿಯಲ್ಲಿ ತಡೆದರು. ಫೋನ್ ಬಂತು, ಗೊಣಗುತ್ತಲೇ ಹೋದೆ.

ಸುಂಕದ ಕಟ್ಟೆಯಲ್ಲಿ ಅಧಿಕಾರಿ ಸೆನ್ಯೊರಿಟಾ ಮಿಲುಸ್ಕಾ ಹಣೆ ಒತ್ತಿಕೊಳ್ಳುತ್ತ ಕೂತಿದ್ದಳು. ನನ್ನನ್ನು ಕಂಡೊಡನೆ ಪಟ್ಟಿ ಮುಂದೆ ತಳ್ಳಿದಳು.

“ಡಾನ್ ರುಫಿನೊ, ನೀವೇ ನೋಡಿ. ಫೋಟೋದಲ್ಲಿ ಮೂರನೇದಕ್ಕೆ ಎಡಗಡೆ ಕೊಂಬಿಲ್ಲ. ಇಲ್ಲಿ ನೋಡಿದ್ರೆ ಜೋಡಿ ಕೊಂಬಿದೆ. ಇದು ಅದಲ್ಲ.”

“ಅದೇ ತಾಯಿ,” ಅಂದ ಮೇಸ್ತ್ರಿ. “ನಮ್ಮಪ್ಪ ಮಾಡಿದ್ದು. ಕೊಂಬು ಯಾವ ಕಾಲಕ್ಕೋ ಮುರಿದಿತ್ತು. ಮಳಿಗೇಲಿ ಸುಮ್ನೆ ಕೂತಿದ್ನಲ್ಲ, ಪಕ್ಕದವನ ಹತ್ರ ತಗಡು ಇಸ್ಕೊಂಡು ಬೆಸೆದುಬಿಟ್ಟೆ.”

“ಯಾರ್ರೀ ಹೇಳಿದ್ದು ನಿಮಗೆ ಬೆಸೀರಿ ಅಂತ?” ನಾನು ರೇಗಿದೆ.

“ಮುರಿದಿದ್ದು ಕಣ್ಣೆದುರಿಗಿದ್ರೆ ಕೈ ಸುಮ್ನಿರುತ್ತಾ?”

ಏನು ಹೇಳುವುದು ಇಂಥವನಿಗೆ! ಮರುದಿನ ಬೆಳಿಗ್ಗೆಯೇ ಪುನೊದಲ್ಲಿ ಕಾಂಡೆಲಾರಿಯಾ ಹಬ್ಬದ ಕುಣಿತ. ಅವನ ಮಗಳು ನೆಲಿಡಾ ಅಜ್ಜನ ಅದೇ ಮುಖವಾಡ ತೊಟ್ಟು ಮೊದಲ ಸಲ ತಂಡದ ಮುಂದೆ ನಿಲ್ಲಬೇಕಿತ್ತು. ಈಗಲೇ ಹೊರಟರೂ ಊರು ಸೇರುವ ಹೊತ್ತಿಗೆ ಬೆಳಗಾಗಿಬಿಡುತ್ತದೆ.

“ಗಡಿಯಾಚೆ ರಿಪೇರಿ ಆಗಿದ್ರೆ ಬೇರೆ ಅರ್ಜಿ ಹಾಕ್ಬೇಕು, ಹದಿನೈದು ದಿನ,” ಅಂದಳು ಮಿಲುಸ್ಕಾ. “ಆರು ತಗೊಂಡ್ಹೋಗಿ. ಇದು ಇಲ್ಲೇ ಇರ್ಲಿ.”

ಒಂದು ಗಂಟೆ ವಾದಿಸಿದೆ. ಅವಳು ಕೆಟ್ಟವಳಲ್ಲ. ನಿಯಮ ನನಗೂ ಗೊತ್ತಿತ್ತು, ಅದಕ್ಕೇ ನನ್ನ ದನಿಯಲ್ಲಿ ಕಸುವಿರಲಿಲ್ಲ.

ಮೇಸ್ತ್ರಿ ಕೇಳಿದ: “ಫೋಟೋದಲ್ಲಿರೋ ಹಾಗೇ ಇದ್ರೆ ಬಿಡ್ತೀರಾ?”

ಮಿಲುಸ್ಕಾ ನನ್ನ ಮುಖ ನೋಡಿದಳು. ನಾನು ಪಟ್ಟಿಯತ್ತ ನೋಡಿದೆ. ಅವಳು ಮೂರನೇ ಫೋಟೋವನ್ನು ಮೇಸ್ತ್ರಿಯ ಕಡೆ ತಿರುಗಿಸಿಟ್ಟಳು.

ಅವನು ಚೀಲದಿಂದ ಇಕ್ಕಳ ತೆಗೆದ. ಬೆಸುಗೆ ಗಟ್ಟಿಯಾಗಿತ್ತು, ಅವನದೇ ಕೈಕೆಲಸವಲ್ಲವೇ. ಮೂರನೇ ಸಲಕ್ಕೆ ಕೊಂಬು ಕಿತ್ತು ಬಂತು. ಅದನ್ನು ಜೇಬಿಗೆ ಹಾಕಿಕೊಳ್ಳಲು ಹೋದ.

“ಮೇಸ್ತ್ರಿ, ಅದು ಪಟ್ಟಿಯಲ್ಲಿಲ್ಲ,” ಅಂದಳು ಮಿಲುಸ್ಕಾ, ಮೆತ್ತಗೆ.

ಅವನು ಕೊಂಬನ್ನು ಮೇಜಿನ ಮೇಲಿಟ್ಟ. ಅವಳು ಮುದ್ರೆ ಒತ್ತಿದಳು. ನನಗೆ ನಾಚಿಕೆಯಾಯಿತು. ರಿಪೇರಿ ಮಾಡಬೇಡಿ ಎಂದು ಹೋಗುವಾಗಲೇ ಒಂದು ಮಾತು ಹೇಳಬಹುದಿತ್ತು. ತಗಡಿನ ಮೇಸ್ತ್ರಿಗೆ ಅದನ್ನು ಹೇಳಬೇಕೆಂದು ಹೊಳೆಯಲೇ ಇಲ್ಲ.

ಹೊರಗೆ ಗಾಡಿ ಹತ್ತುವ ಮುಂಚೆ ಅವನು ಮನೆಗೆ ಫೋನ್ ಮಾಡಿದ.

“ನೆಲಿ, ಬರ್ತಾ ಇದ್ದೀನಮ್ಮ. ಹ್ಞೂ, ತಾತಂದೂ ಇದೆ. ನಾಳೆ ಕುಣೀವಾಗ ಒಂದ್ ಚೂರು ಬಲಗಡೆಯೇ ಜನಕ್ಕೆ ಕಾಣೋ ಹಾಗೆ ನಿಂತ್ಕೋ, ಆಯ್ತಾ?”